ಗೋಮುಖದ ಹಾದಿಯಲ್ಲಿ ಭೂರ್ಜವೃಕ್ಷ

ನಮ್ಮ ನಾಡಿನ ಊರುಗಳ ಹೆಸರಿನಲ್ಲಿ ಮರಗಳು ಸೇರಿಕೊಂಡಿರುವುದು ನೀವೆಲ್ಲ ಬಲ್ಲ ಸಂಗತಿ. ಹುಣಸೂರು, ಆಲೂರು, ಬೇವೂರು, ಅತ್ತಿಬೆಲೆ, ಹಲಸೂರು - ಪಟ್ಟಿಯನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಆಯಾ ಊರಿನಲ್ಲಿ ಆಯಾ ಮರ ಇಂದಿಗೂ ಉಂಟೆ ಎಂದು ವಿಚಾರಿಸಹೊರಟರೆ ಮಾತ್ರ ಎಲ್ಲ ಕಡೆಯೂ ಒಂದೇ ಉತ್ತರ ದೊರೆಯುವುದಿಲ್ಲ. ಬೆಂಗಳೂರಿನ ಹಲಸೂರಿನಲ್ಲಿ ಹಲಸಿನ ತೋಪನ್ನು ಹುಡುಕಿಕೊಂಡು ಹೋದವರು ಬಸ್ಸುಗಳನ್ನೂ ಅಂಗಡಿಗಳ ಸಾಲನ್ನೂ ಕಂಡು ಹಿಂದಿರುಗಬೇಕಾಗುತ್ತದೆ. ಕನ್ನಡ ಪಾಠ ಹೇಳುವವರಿಗೆ ಹೀಗೆ ಹೆಸರುಗಳ ಬೆನ್ನು ಹತ್ತಿ ಹೋಗುವ ಚಾಳಿ ಸಾಮಾನ್ಯ. ಆ ಚಾಳಿಯಿಂದಲೇ ಇಂದು ನಿಮ್ಮನ್ನು ಬಹು ದೂರದ ಒಂದು ಬೆಟ್ಟದ ಹಾದಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಗಢವಾಲ ಹಿಮಾಲಯದಲ್ಲಿ ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ ಕಾಲುದಾರಿ ಅದು. ಉದ್ದ ಸುಮಾರು ೧೮ ಕಿಲೋಮೀಟರ್. ನಡುವೆ ತಂಗುವುದಕ್ಕೆ ಎರಡು ನೆಲೆಗಳುಂಟು: ಒಂಬತ್ತನೆಯ ಕಿಲೋಮೀಟರಿನಲ್ಲಿ ಚೀರ್‌ಬಾಸಾ, ಹದಿನಾಲ್ಕನೆಯದರಲ್ಲಿ ಭೋಜ್‌ಬಾಸಾ. ಬಾಸಾ ಎಂದರೆ ವಾಸ. ಚೀರ್ ಎಂಬುದು ಪೈನ್ ಜಾತಿಯ ಮರ. ಭೋಜ್ ಎಂಬುದು ಸಂಸ್ಕೃತದ ಭೂರ್ಜ. ಅದೇ ನಮ್ಮ ಪುರಾಣ ಕಾವ್ಯಗಳಲ್ಲಿ ಬರುವ ಭೂರ್ಜಪತ್ರದ ಮರ. ಅಂತೂ ಒಂದು ಪೈನುಗಳ ಬೀಡು, ಇನ್ನೊಂದು ಭೂರ್ಜಗಳ ಬೀಡು. ಎತ್ತರವನ್ನು ಅಳೆಯುವ ಉಪಕರಣ ಕಾಣದ ಜನ ಮರವನ್ನು ನೋಡಿಯೇ ಎತ್ತರವನ್ನು ಹೇಳುತ್ತಿದ್ದರು ಎನ್ನಬೇಕು. ಏಕೆಂದರೆ ಈ ಕಣಿವೆಯಲ್ಲಿ ಕೆಳಗೆ ದೇವದಾರು, ಅದರ ಮೇಲೆ ಪೈನ್, ಅದರ ಮೇಲೆ ಭೂರ್ಜ; ಅಲ್ಲಿಂದಾಚೆಗೆ ಮರವೇ ಇಲ್ಲ. ಈ ಎರಡು ಹೆಸರುಗಳ ಪೈಕಿ ಮೊದಲನೆಯದು ಇಂದಿಗೂ ಹೆಚ್ಚುಕಡಿಮೆ ನಿಜ. ಎರಡನೆಯದು ನಿಜವಲ್ಲ. ಭೋಜ್‌ಬಾಸಾದಲ್ಲಿ ಭೋಜ್ ಕಾಡು ಅಳಿದು ಬಹಳ ಕಾಲವಾಯಿತು. ಅದು ಹೇಗೆ ಅಳಿಯಿತು, ಅದನ್ನು ಮತ್ತೆ ಬೆಳೆಸುವುದು ಏಕೆ ಅಷ್ಟು ಕಷ್ಟ ಎಂಬುದೇ ನನ್ನ ಮಾತಿನ ವಿಷಯ. ಆದರೆ ಅಲ್ಲಿಗೆ ತಲಪಬೇಕಾದರೆ ಮೊದಲು ನಡೆಯಬೇಕಷ್ಟೆ.

ಗಂಗೋತ್ರಿಯ ಎತ್ತರ ಸುಮಾರು ೩,೧೦೦ ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ೧,೯೩೦ ಮೀಟರ್. ಅದರ ನೆತ್ತಿಯ ಮೇಲೆ ನಿಂತು ಇನ್ನೂ ಒಂದು ಕಿಲೋಮೀಟರಿಗಿಂತ ಮೇಲಕ್ಕೆ ಏಣಿ ಹಾಕಿದರೆ ಈ ಹಾದಿಯ ಮೊದಲ ಮೆಟ್ಟಿಲು ಸಿಕ್ಕುತ್ತದೆ. ಗೋಮುಖ ಸುಮಾರು ೪,೦೦೦ ಮೀಟರಿನಲ್ಲಿದೆ. ಕಡಲ ತೀರದಲ್ಲಿ ನಮಗೆ ದೊರೆಯುವ ಗಾಳಿಯಲ್ಲಿ ಐದನೆಯ ಮೂರು ಪಾಲಿನಷ್ಟು ಮಾತ್ರ ಅಲ್ಲಿ ದೊರೆಯುತ್ತದೆ. ಆದ್ದರಿಂದ ಗಂಗೋತ್ರಿಯಲ್ಲಿ ಒಂದು ದಿನವಾದರೂ ಸುಮ್ಮನೆ ಇದ್ದು ಮೈಯನ್ನು ಒಗ್ಗಿಸಿಕೊಂಡು ಹೊರಡಬೇಕು. ತಲೆನೋವು, ವಾಕರಿಕೆ ಹೆಚ್ಚಾದರೆ ಕೆಳಕ್ಕೆ ಇಳಿಯುವುದೇ ಮದ್ದು. ಅಲ್ಲಿ ಭಕ್ತಿಯೂ ಹಟವೂ ಕೆಲಸಕ್ಕೆ ಬಾರವು.

ನಾನು ಹೋದದ್ದು ೨೦೧೮ರ ದಸರಾ ರಜದಲ್ಲಿ. ಜೊತೆಗೆ ನಮ್ಮ ಶಾಲೆಯ ವ್ಯಾಯಾಮದ ಮೇಷ್ಟರು ಬಂದಿದ್ದರು. ಮಕ್ಕಳಿಗೆ ಎಡ, ಬಲ ಹೇಳಿ ಹೇಳಿ ರೂಢಿಯಾದ ಗಂಟಲು. ಮೊದಲ ಒಂದು ಗಂಟೆ ನನಗೂ ಹಾಗೆಯೇ ತಾಳ ಹಾಕಿಸಿದರು. ಆಮೇಲೆ ಗಾಳಿಯ ತೆಳುವು ಅವರನ್ನೂ ಮೌನಿಯನ್ನಾಗಿ ಮಾಡಿತು. ದಾರಿ ತೋರಿಸುವುದಕ್ಕೆ ಉತ್ತರಕಾಶಿ ಕಡೆಯ ಒಬ್ಬ ಹಿರಿಯ ಸಿಕ್ಕಿದ್ದ. ನನ್ನ ಹಿಂದಿ ಪರೀಕ್ಷೆಗೆ ಓದಿದ ಹಿಂದಿ. ಅವನ ಹಿಂದಿ ಬೆಟ್ಟದ ಹಿಂದಿ. ಆದರೂ ಮಾತಿಗೆ ಕೊರತೆಯಾಗಲಿಲ್ಲ. 'ಮಾಸ್ಟರ್‌ಜೀ, ಮೆಲ್ಲಗೆ' ಎಂಬುದು ಅವನು ಹೆಚ್ಚು ಸಲ ಆಡಿದ ಮಾತು.

ಗಂಗೋತ್ರಿಯ ಗುಡಿಯ ಹಿಂಬದಿಯಿಂದಲೇ ದಾರಿ ಏರತೊಡಗುತ್ತದೆ. ನದಿ ಬಲಗಡೆ ಕೆಳಗೆ ಭೋರ್ಗರೆಯುತ್ತಿರುತ್ತದೆ. ಇಲ್ಲಿ ಅದರ ಹೆಸರು ಭಾಗೀರಥಿ. ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿದ ಮೇಲೆಯೇ ಗಂಗೆ. ಸ್ವಲ್ಪ ದೂರದಲ್ಲಿ ಅರಣ್ಯ ಇಲಾಖೆಯ ಠಾಣೆ. ೧೯೮೯ರಲ್ಲಿ ಈ ಪ್ರದೇಶವೆಲ್ಲ ಗಂಗೋತ್ರಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೮ರಿಂದ ದಿನಕ್ಕೆ ೧೫೦ ಮಂದಿಗಿಂತ ಹೆಚ್ಚಿನವರನ್ನು ಗೋಮುಖದ ಕಡೆಗೆ ಬಿಡುವುದಿಲ್ಲ. ಅನುಮತಿಯ ಚೀಟಿಯನ್ನು ತೋರಿಸಿ ಮುಂದೆ ಹೋಗಬೇಕು. ಯಾತ್ರೆಗೆ ಚೀಟಿಯೇ ಎಂದು ಹುಬ್ಬು ಗಂಟಿಕ್ಕುವವರಿದ್ದಾರೆ. ಅವರು ಭೋಜ್‌ಬಾಸಾವನ್ನು ನೋಡುವ ತನಕ ಕಾಯಲಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಮೈಲಿಗಳಲ್ಲಿ ದೇವದಾರು. ನೇರವಾಗಿ ನಿಂತ ಕಂಬ, ಅಡ್ಡಕ್ಕೆ ಹರಡಿದ ಚಾಮರ. ಹೆಸರಿಗೆ ತಕ್ಕ ಗಾಂಭೀರ್ಯ. ಈ ಮರವೂ ಸುಖವಾಗಿ ಉಳಿದು ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಫ್ರೆಡರಿಕ್ ವಿಲ್ಸನ್ ಎಂಬ ಆಂಗ್ಲನೊಬ್ಬ ಕೆಳಗಿನ ಹರ್ಸಿಲ್‌ನಲ್ಲಿ ನೆಲೆಸಿ, ಟೆಹರಿಯ ಅರಸರಿಂದ ಕಾಡಿನ ಗುತ್ತಿಗೆ ಪಡೆದು, ದೇವದಾರುಗಳನ್ನು ಕಡಿಸಿ ನದಿಯಲ್ಲಿ ತೇಲಿಬಿಟ್ಟು ಬಯಲಿಗೆ ಸಾಗಿಸಿದ. ರೈಲುಹಳಿಗಳ ಅಡಿಗೆ ಹಾಸುವ ತೊಲೆಗಳಿಗೆ ಆಗ ಬಹಳ ಬೇಡಿಕೆ. ಹರ್ಸಿಲ್‌ಗೆ ಸೇಬು ತಂದವನೂ ಅವನೇ ಎನ್ನುತ್ತಾರೆ. ಆ ಕಥೆಗೆ ಕೊಡಲಿ ಹಿಡಿದ ವರ್ತಕನೊಬ್ಬನಿದ್ದಾನೆ, ದೂರುವುದು ಸುಲಭ. ಮೇಲಿನ ಭೂರ್ಜದ ಕಥೆಗೆ ಅಂಥ ಖಳನಾಯಕನಿಲ್ಲ.

ಎತ್ತರ ಏರಿದಂತೆ ದೇವದಾರು ವಿರಳವಾಗಿ ಪೈನ್ ಮರಗಳು ಕಾಣಬರುತ್ತವೆ. ಚೀರ್‌ಬಾಸಾ ಸುಮಾರು ೩,೬೦೦ ಮೀಟರಿನಲ್ಲಿರುವ ಹಸುರು ತಂಗುದಾಣ. ಇಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ ನೀವೊಂದು ಪರೀಕ್ಷೆ ಮಾಡಬಹುದು. ಕೆಳಗೆ ಬಿದ್ದಿರುವ ಸೂಜಿಯೆಲೆಯ ಗೊಂಚಲೊಂದನ್ನು ಎತ್ತಿಕೊಂಡು ಎಣಿಸಿ. ಒಂದು ಗೊಂಚಲಲ್ಲಿ ಮೂರು ಸೂಜಿಗಳಿದ್ದರೆ ಅದು ಚೀರ್. ಐದಿದ್ದರೆ ಕೈಲ್ ಎಂಬ ನೀಲಿ ಪೈನ್. ಇಲ್ಲಿ ಎಣಿಸಿದರೆ ಐದು ಬರುತ್ತದೆ. ನಿಜವಾದ ಚೀರ್ ಇಷ್ಟು ಎತ್ತರಕ್ಕೆ ಬರುವ ಮರವೇ ಅಲ್ಲ. ಅದು ಕೆಳಗಿನ ಬೆಚ್ಚನೆಯ ಇಳಿಜಾರುಗಳದು. ಹೆಸರಿಟ್ಟವರು ಸೂಜಿ ಎಣಿಸುವ ಗೋಜಿಗೆ ಹೋಗದೆ ಪೈನುಗಳನ್ನೆಲ್ಲ ಒಂದೇ ಹೆಸರಿನಿಂದ ಕರೆದರು. ನಾವೂ ಹುಲ್ಲಿಗೆಲ್ಲ ಹುಲ್ಲೆಂದೇ ಹೇಳುವುದಿಲ್ಲವೆ? ಅದಕ್ಕೇ ಈ ಹೆಸರು ಹೆಚ್ಚುಕಡಿಮೆ ನಿಜ ಎಂದದ್ದು. ಇಲ್ಲಿಂದ ಮುಂದೆ ನೋಡಿದರೆ ಕಣಿವೆಯ ಕೊನೆಯಲ್ಲಿ ಭಾಗೀರಥಿ ಶಿಖರಗಳು ಮೂರೂ ಕಾಣುತ್ತವೆ. ಮೂರರಲ್ಲಿ ಹಿರಿದರ ಎತ್ತರ ೬,೮೫೬ ಮೀಟರ್.

ಚೀರ್‌ಬಾಸಾದ ಆಸುಪಾಸಿನಲ್ಲಿಯೇ ಭೂರ್ಜದ ಮೊದಲ ದರ್ಶನ. ನದಿಯಾಚೆಯ ಇಳಿಜಾರುಗಳು ಬಡಗಣಕ್ಕೆ ಮೋರೆ ಮಾಡಿದವು. ಬಿಸಿಲು ಕಡಮೆ, ಹಿಮ ನಿಧಾನವಾಗಿ ಕರಗುತ್ತದೆ, ನೆಲ ತೇವವಾಗಿರುತ್ತದೆ. ಭೂರ್ಜಕ್ಕೆ ಅದೇ ಪ್ರಿಯ. ನಾನು ಹೋದಾಗ ಅದರ ಎಲೆ ಹಣ್ಣಾಗಿ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಕಪ್ಪು ಬಂಡೆ, ಮೇಲೆ ಬಿಳಿಯ ಹಿಮ, ನಡುವೆ ಈ ಹಳದಿ. ಹತ್ತಿರ ಹೋಗಿ ನೋಡಿದರೆ ಕಾಂಡ ಬುಡದಲ್ಲಿ ಇಳಿಜಾರಿನ ಕಡೆಗೆ ಬಾಗಿ, ಆಮೇಲೆ ನೆಟ್ಟಗಾಗಿ ಎದ್ದಿದೆ. ಎಳೆಯದಿದ್ದಾಗಿನಿಂದ ಪ್ರತಿ ಚಳಿಗಾಲದಲ್ಲಿಯೂ ಹಿಮದ ಭಾರ ಅದನ್ನು ಕೆಳಕ್ಕೆ ಒತ್ತಿದೆ. ಪ್ರತಿ ಬೇಸಗೆಯಲ್ಲಿಯೂ ಅದು ತಲೆಯೆತ್ತಿದೆ.

ತೊಗಟೆಯನ್ನು ನೋಡಬೇಕು. ಬಿಳಿ ಎಂದರೆ ಪೂರ್ತಿ ಬಿಳಿಯಲ್ಲ, ನಸುಗೆಂಪು ಬೆರೆತ ಬಿಳಿ. ಮೇಲೆ ಅಡ್ಡಡ್ಡಲಾಗಿ ಸಣ್ಣ ಗೆರೆಗಳು. ಪದರ ಪದರವಾಗಿ, ಕಾಗದದಷ್ಟು ತೆಳ್ಳಗೆ, ತಾನಾಗಿಯೇ ಸುಲಿದುಕೊಂಡು ಗಾಳಿಗೆ ಪಟಪಟ ಎನ್ನುತ್ತಿರುತ್ತದೆ. ಕಾಳಿದಾಸನ 'ವಿಕ್ರಮೋರ್ವಶೀಯ'ದಲ್ಲಿ ಊರ್ವಶಿ ತನ್ನ ಪ್ರೇಮಪತ್ರವನ್ನು ಬರೆದು ಬೀಳಿಸುವುದು ಭೂರ್ಜಪತ್ರದ ಮೇಲೆಯೇ. ಅದನ್ನು ಕಂಡ ವಿದೂಷಕ ಹಾವಿನ ಪೊರೆಯೆಂದು ಬೆಚ್ಚಿಬೀಳುತ್ತಾನೆ. ಪಾಠ ಹೇಳುವಾಗಲೆಲ್ಲ ಇದು ನಗೆಗಾಗಿ ಮಾಡಿದ ಅತಿಶಯೋಕ್ತಿ ಎಂದು ನನಗೆ ತೋರುತ್ತಿತ್ತು. ಮರದಿಂದ ಜೋಲುತ್ತಿದ್ದ ತೊಗಟೆಯ ಸುರುಳಿಯನ್ನು ಕಣ್ಣಾರೆ ಕಂಡವರು ಆ ಬಡ ವಿದೂಷಕನನ್ನು ನಗಲಾರರು. 'ಕುಮಾರಸಂಭವ'ದ ಮೊದಲ ಸರ್ಗದ ಹಿಮಾಲಯವರ್ಣನೆಯಲ್ಲಿಯೂ ವಿದ್ಯಾಧರ ಸ್ತ್ರೀಯರು ಧಾತುರಸದಿಂದ ಓಲೆ ಬರೆಯುವುದು ಈ ತೊಗಟೆಯ ಮೇಲೆ.

ಕವಿಗಳ ಮಾತು ಹಾಗಿರಲಿ. ಸುಮಾರು ೧೦೩೦ರಲ್ಲಿ ಭಾರತದ ವಿಷಯವಾಗಿ ಗ್ರಂಥ ಬರೆದ ಅಲ್ಬೆರೂನಿ ಒಂದು ಸಂಗತಿಯನ್ನು ಗುರುತಿಸಿದ್ದಾನೆ: ತೆಂಕಣದವರು ತಾಳೆಯ ಗರಿಯ ಮೇಲೆ ಬರೆಯುತ್ತಾರೆ, ಬಡಗಣದವರು ಭೂರ್ಜದ ತೊಗಟೆಯ ಮೇಲೆ. ಗಜದಷ್ಟು ಉದ್ದ, ಬಿಡಿಸಿದ ಬೆರಳುಗಳಷ್ಟು ಅಗಲದ ತುಂಡನ್ನು ತೆಗೆದು, ಎಣ್ಣೆ ಹಚ್ಚಿ ನಯಮಾಡಿ ಬರೆಯುವ ಕ್ರಮವನ್ನೂ ತಿಳಿಸಿದ್ದಾನೆ. ನಮ್ಮ ಓಲೆಗರಿಯ ಗ್ರಂಥಗಳನ್ನು ಕಂಠದಿಂದ ಗೀರಿ ಮಸಿ ತುಂಬಿದರೆ, ಅಲ್ಲಿ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ ಬರೆದರು. ಕಾಶ್ಮೀರದ ಪೈಪ್ಪಲಾದ ಶಾಖೆಯ ಅಥರ್ವವೇದದ ಪ್ರತಿ ಉಳಿದು ಬಂದದ್ದು ಭೂರ್ಜದ ಮೇಲೆ. ೧೮೮೧ರಲ್ಲಿ ಪೇಷಾವರದ ಹತ್ತಿರ ಬಕ್ಷಾಲಿ ಎಂಬ ಹಳ್ಳಿಯಲ್ಲಿ ನೆಲ ಅಗೆಯುವಾಗ ಸಿಕ್ಕಿದ, ಸೊನ್ನೆಯ ಸ್ಥಾನದಲ್ಲಿ ಚುಕ್ಕೆಯಿಟ್ಟು ಲೆಕ್ಕ ಮಾಡಿರುವ ಗಣಿತಗ್ರಂಥವೂ ಭೂರ್ಜದ್ದೇ. ಈಗ ಅದು ಆಕ್ಸ್‌ಫರ್ಡಿನಲ್ಲಿದೆ. ತೊಗಟೆಯಲ್ಲಿ ನೀರನ್ನು ತಡೆಯುವ, ಕೊಳೆಯಗೊಡದ ಒಂದು ದ್ರವ್ಯವಿದೆ. ಅದರಿಂದಲೇ ಬೆಟ್ಟದ ಜನ ಮನೆಯ ಸೂರಿನಲ್ಲಿಯೂ ಇದನ್ನು ಹಾಸುತ್ತಿದ್ದರು. ಯಂತ್ರ ಬರೆದು ತಾಯಿತದಲ್ಲಿ ಕಟ್ಟುವುದಕ್ಕೆಂದು ಇಂದಿಗೂ ಪೂಜಾಸಾಮಗ್ರಿಯ ಅಂಗಡಿಗಳಲ್ಲಿ ಇದರ ಚೂರು ಮಾರಾಟವಾಗುತ್ತದೆ.

ಶಬ್ದದ ವಿಷಯವಾಗಿ ಒಂದು ಮಾತು ಹೇಳದೆ ಮುಂದುವರಿಯಲಾರೆ. ಭೂರ್ಜ, ಇಂಗ್ಲಿಷಿನ ಬರ್ಚ್, ರಷ್ಯನ್ನಿನ ಬೆರ್ಯೋಜ - ಮೂರೂ ಒಂದೇ ಮೂಲದಿಂದ ಬಂದ ಒಡಹುಟ್ಟಿದ ಮಾತುಗಳು. ಈ ಭಾಷೆಗಳನ್ನು ಆಡುತ್ತಿದ್ದವರ ಹಿರಿಯರು ಒಂದೇ ಕಡೆ ಇದ್ದಾಗ ಅವರ ಕಣ್ಣ ಮುಂದೆ ಈ ಜಾತಿಯ ಮರವಿತ್ತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಕನ್ನಡಕ್ಕೆ ಮರ ಬಾರದೆ ಹೆಸರಷ್ಟೇ ಬಂದಿತು.

ಚೀರ್‌ಬಾಸಾ ದಾಟಿದ ಮೇಲೆ ಹಾದಿಯ ಸ್ವಭಾವವೇ ಬೇರೆ. ಬಲಕ್ಕೆ ಪ್ರಪಾತ, ಎಡಕ್ಕೆ ಕಲ್ಲುಮಣ್ಣು ಸಡಿಲವಾಗಿ ನಿಂತ ಇಳಿಜಾರು. ಬಿಸಿಲೇರಿ ಒಳಗಿನ ಮಂಜು ಕರಗಿದರೆ ಕಲ್ಲು ಉರುಳುತ್ತದೆ. ಮೇಲೆ ಮೇಯುವ ಭರಲ್ ಎಂಬ ಕಾಡುಕುರಿಗಳ ಗೊರಸು ತಾಗಿದರೂ ಉರುಳುತ್ತದೆ. ಇದನ್ನು ಬೆಳಗಿನ ಹೊತ್ತಿನಲ್ಲಿಯೇ ದಾಟಬೇಕು. ನಮ್ಮ ದಾರಿಗ ಒಬ್ಬೊಬ್ಬರನ್ನಾಗಿ ಬಿಟ್ಟು, ತಾನು ಮೇಲೆ ನೋಡುತ್ತ ನಿಂತ. ಮಾತು ಬೇಡ, ನಿಲ್ಲಬೇಡಿ ಎಂಬುದಷ್ಟೇ ಅವನ ಅಪ್ಪಣೆ. ವ್ಯಾಯಾಮದ ಮೇಷ್ಟರು ತಮ್ಮ ವಿದ್ಯಾರ್ಥಿಗಳಿಗಿಂತಲೂ ವಿಧೇಯರಾಗಿ ನಡೆದರು.

ಆಮೇಲೆ ಒಂದು ತಿರುವು. ಕೆಳಗೆ ವಿಶಾಲವಾದ ಬಯಲು. ಅದೇ ಭೋಜ್‌ಬಾಸಾ, ಸುಮಾರು ೩,೭೭೫ ಮೀಟರ್. ತಂಗುದಾಣ, ಆಶ್ರಮ, ಕೆಲವು ಗುಡಾರಗಳು. ಉಳಿದದ್ದೆಲ್ಲ ಕಲ್ಲು, ಹುಲ್ಲು, ಗಾಳಿ. ಈ ಬಯಲೂ ಸುತ್ತಣ ಇಳಿಜಾರುಗಳೂ ಒಂದು ಕಾಲಕ್ಕೆ ಭೂರ್ಜದ ಕಾಡಾಗಿದ್ದುವು. ನಮ್ಮ ದಾರಿಗ, ತಾನು ಹುಡುಗನಾಗಿದ್ದಾಗ ತಂದೆಯೊಡನೆ ಇಲ್ಲಿಗೆ ಬಂದರೆ ಮರಗಳ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಮಲಗುತ್ತಿದ್ದೆವು ಎಂದು ಕೈಚಾಚಿ ತೋರಿಸಿದ. ಅವನು ತೋರಿಸಿದ ಕಡೆ ಮರೆಯಾಗುವಂಥದು ಏನೂ ಇರಲಿಲ್ಲ.

ಇದನ್ನು ತಿಂದದ್ದು ಒಲೆ. ಹೇಗೆಂದು ಸ್ವಲ್ಪ ವಿಚಾರಿಸಿ. ಇಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ೮೭ ಡಿಗ್ರಿಯ ಸುಮಾರಿಗೇ ಕುದಿದುಬಿಡುತ್ತದೆ. ಕುದಿಯುವ ನೀರಿನಲ್ಲಿಯೂ ಬೇಳೆ ಬೇಗ ಬೇಯದು. ನಮ್ಮ ಊರಿನಲ್ಲಿ ಒಂದು ಹೊರೆ ಸೌದೆಯಲ್ಲಿ ಆಗುವ ಅಡುಗೆಗೆ ಅಲ್ಲಿ ಇನ್ನೂ ಹೆಚ್ಚು ಬೇಕು. ಮೇಲಾಗಿ ಚಳಿ, ಅಡುಗೆಯಾದ ಮೇಲೂ ಬೆಂಕಿ ಆರಿಸಲು ಯಾರಿಗೂ ಮನಸ್ಸು ಬಾರದು. ಭೂರ್ಜದ ತೊಗಟೆಯೋ ಒದ್ದೆಯಾಗಿದ್ದರೂ ಧಗ್ಗನೆ ಹೊತ್ತಿಕೊಳ್ಳುವಂಥದು. ಮೋಟಾರು ರಸ್ತೆ ಗಂಗೋತ್ರಿಯ ತನಕ ಬಂದ ಮೇಲೆ ಯಾತ್ರಿಕರು ಹೆಚ್ಚಿದರು. ಶ್ರಾವಣದಲ್ಲಿ ಕಾವಡಿ ಹೊತ್ತು ಗಂಗಾಜಲಕ್ಕೆ ಬರುವವರು, ಶಿಖರಗಳನ್ನು ಏರಲು ಬರುವ ತಂಡಗಳು, ಅವರ ಹೊರೆಯಾಳುಗಳು, ಇವರೆಲ್ಲರಿಗೂ ಚಹಾ ಕಾಸಿಕೊಡುವ ಅಂಗಡಿಗಳು. ಇವರಲ್ಲಿ ಕೆಟ್ಟವರು ಯಾರು? ಚಳಿಯಲ್ಲಿ ನಡುಗುತ್ತ ಬಂದ ಮುದುಕಿಗೆ ಒಂದು ಲೋಟ ಬಿಸಿ ಚಹಾ ಕೊಟ್ಟವನನ್ನು ಅಪರಾಧಿ ಎನ್ನುವುದು ಹೇಗೆ? ಆದರೂ ಲೋಟಕ್ಕೆ ಒಂದು ಕೊಂಬೆಯಂತೆ ಕಾಡು ಹೋಯಿತು. ಉಳಿದ ಬುಡಗಳಲ್ಲಿ ಚಿಗುರಿದ್ದನ್ನು ಹೇಸರಗತ್ತೆಗಳೂ ಮೇಕೆಗಳೂ ಮೇದುವು. ವಿಲ್ಸನ್ನನ ಕೊಡಲಿಗೆ ಲೆಕ್ಕಪತ್ರವಿತ್ತು. ಈ ಒಲೆಗಳಿಗೆ ಅದೂ ಇರಲಿಲ್ಲ.

ಕಡಿದ ಮರ ಬೆಳೆಯದೆ? ಬೆಳೆಯುತ್ತದೆ, ಆದರೆ ನಮ್ಮ ಹೊಂಗೆ ಬೇವುಗಳಂತಲ್ಲ. ವರ್ಷದಲ್ಲಿ ಎಲೆಯಿರುವ ತಿಂಗಳುಗಳೇ ನಾಲ್ಕೈದು. ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳು ಕೂದಲೆಳೆಯಷ್ಟು ಇಕ್ಕಟ್ಟಾಗಿ ಸೇರಿಕೊಂಡಿರುತ್ತವೆ. ಹಿಮಾಲಯದ ಎತ್ತರಗಳಲ್ಲಿ ಮುನ್ನೂರು ನಾನ್ನೂರು ವರ್ಷದ ಭೂರ್ಜಗಳಿರುವುದು ಈ ಉಂಗುರಗಳ ಎಣಿಕೆಯಿಂದ ಗೊತ್ತಾಗಿದೆ. ಎರಡು ಮೂರು ದಿನದ ಅಡುಗೆಗೆ ಒಲೆಗಿಟ್ಟ ಮರ ಅಕ್ಬರನ ಕಾಲದ್ದಾಗಿದ್ದಿರಬಹುದು.

ಇಲ್ಲಿ ಒಬ್ಬ ಮಹಿಳೆಯ ಹೆಸರನ್ನು ಹೇಳಬೇಕು. ಹರ್ಷವಂತಿ ಬಿಷ್ಟ್ ಗಢವಾಲದವರು, ಅರ್ಥಶಾಸ್ತ್ರದ ಅಧ್ಯಾಪಕಿ. ೧೯೮೧ರಲ್ಲಿ ನಂದಾದೇವಿಯ ಮುಖ್ಯ ಶಿಖರವನ್ನು ಏರಿದ ಮೂವರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಶಿಖರ ಏರಿದವರು ಸಾಮಾನ್ಯವಾಗಿ ಇನ್ನೊಂದು ಶಿಖರದ ಮೇಲೆ ಕಣ್ಣಿಡುತ್ತಾರೆ. ಈಕೆ ಕಣ್ಣಿಟ್ಟದ್ದು ಭೋಜ್‌ಬಾಸಾದ ಬೋಳು ಬಯಲಿನ ಮೇಲೆ. ಗಂಗೋತ್ರಿಯನ್ನು ಉಳಿಸುವ ಕೆಲಸವನ್ನು ಕೈಗೆತ್ತಿಕೊಂಡು, ೧೯೯೦ರ ದಶಕದಲ್ಲಿ ಚೀರ್‌ಬಾಸಾದಲ್ಲಿ ಸಸಿಮಡಿ ಮಾಡಿ, ಅಲ್ಲಿ ಎದ್ದ ಭೂರ್ಜದ ಸಸಿಗಳನ್ನು ಭೋಜ್‌ಬಾಸಾಕ್ಕೆ ತಂದು, ಬೇಲಿ ಹಾಕಿಸಿ ನೆಡಿಸತೊಡಗಿದರು. ಬಯಲುಸೀಮೆಯ ವನಮಹೋತ್ಸವದಂತೆ ಗುಂಡಿ ತೋಡಿ ಫೋಟೋ ತೆಗೆಸಿಕೊಂಡು ಮರಳುವ ಕೆಲಸವಲ್ಲ ಇದು. ಸಸಿಯನ್ನು ಬೆನ್ನ ಮೇಲೆ ಹೊತ್ತು ಕಲ್ಲುರುಳುವ ಆ ಇಳಿಜಾರನ್ನು ದಾಟಬೇಕು. ಚಳಿಗಾಲದಲ್ಲಿ ಅದು ಹಿಮದ ಕೆಳಗೆ ಆರು ತಿಂಗಳು ಉಳಿಯಬೇಕು. ವಸಂತದಲ್ಲಿ ಸತ್ತವನ್ನು ಕಿತ್ತು ಮತ್ತೆ ನೆಡಬೇಕು. ಹೀಗೆ ವರ್ಷಾನುಗಟ್ಟಲೆ. ೨೦೨೧ರಲ್ಲಿ ಇವರು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅಧ್ಯಕ್ಷರಾಗಿ ಆಯ್ಕೆಯಾದರು; ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಆದರೆ ನನ್ನ ಮಟ್ಟಿಗೆ ಆ ಬೇಲಿಯೊಳಗಿನ ಗಿಡಗಳೇ ದೊಡ್ಡ ಪದವಿ.

ಭೋಜ್‌ಬಾಸಾದಿಂದ ಗೋಮುಖಕ್ಕೆ ಇನ್ನು ನಾಲ್ಕು ಕಿಲೋಮೀಟರ್. ಇಲ್ಲಿ ಮರದ ರಾಜ್ಯ ಮುಗಿಯುತ್ತದೆ. ಯಾರೂ ಕಡಿಯದಿದ್ದರೂ ಮುಗಿಯುತ್ತದೆ. ಏಕೆ? ಒಂದು ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣ ಆರು ಡಿಗ್ರಿಯಷ್ಟು ಇಳಿಯುತ್ತದೆ. ಎಲೆ ಬಿಡುವ ತಿಂಗಳುಗಳ ಸರಾಸರಿ ಉಷ್ಣ ಸುಮಾರು ಆರು ಡಿಗ್ರಿಗಿಂತ ಕೆಳಗಿಳಿದ ಎಡೆಯಲ್ಲಿ ಲೋಕದ ಯಾವ ಪರ್ವತದಲ್ಲಿಯೂ ಕಾಡು ಬೆಳೆಯದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥ ಚಳಿಯಲ್ಲಿಯೂ ಎಲೆ ತನ್ನ ಅಡುಗೆಯನ್ನು ಮಾಡುತ್ತಲೇ ಇರುತ್ತದಂತೆ. ಆದರೆ ಆ ಅಡುಗೆಯಿಂದ ಹೊಸ ಮರವನ್ನು ಕಟ್ಟುವ ಕೆಲಸ ನಿಂತುಹೋಗುತ್ತದೆ. ಇಟ್ಟಿಗೆ ಬಂದು ಬಿದ್ದಿದೆ, ಗಾರೆಯವರು ಬಂದಿಲ್ಲ ಎಂಬಂತೆ. ಎತ್ತರದ ಮರದ ತಲೆ ಗಾಳಿಯ ಚಳಿಗೆ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ಅಂಟಿಕೊಂಡ ಗಿಡವಾದರೋ ಬಿಸಿಲು ಬಿದ್ದ ನೆಲದ ಕಾವಿನಲ್ಲಿ ಮಲಗಿ, ಸುತ್ತಣ ಗಾಳಿಗಿಂತ ಹತ್ತು ಡಿಗ್ರಿಗೂ ಮಿಗಿಲಾಗಿ ಬೆಚ್ಚಗಿರಬಲ್ಲುದು. ಆದ್ದರಿಂದ ವೃಕ್ಷಸೀಮೆಯ ಮೇಲೆ ಗಿಡ್ಡರದೇ ರಾಜ್ಯ.

ಈ ಸೀಮೆಗೆ ಪಂಡಿತರು ಟಂಡ್ರಾ ಎನ್ನುತ್ತಾರೆ. ಧ್ರುವದ ಬಳಿಯ ಸಾಮಿ ಜನರ ನುಡಿಯಿಂದ ರಷ್ಯನ್ನಿಗೆ, ಅಲ್ಲಿಂ‌ದ ಲೋಕಕ್ಕೆಲ್ಲ ಬಂದ ಮಾತು. ಮರವಿಲ್ಲದ ದಿಣ್ಣೆ ಎಂದು ಅರ್ಥ. ಧ್ರುವದ ಬಳಿ ನೂರಾರು ಮೈಲಿ ಹರಡಿದ್ದು ಪರ್ವತದಲ್ಲಿ ಪಟ್ಟಿಯಂತೆ ಎತ್ತರಕ್ಕೆ ಏರಿ ಕುಳಿತಿದೆ. ಗಢವಾಲದ ಕುರುಬರು ಇದರ ಹುಲ್ಲುಗಾವಲಿಗೆ ಬುಗ್ಯಾಲ್ ಎನ್ನುತ್ತಾರೆ. ಕುದುರೆಮುಖ, ಕುಮಾರಪರ್ವತಗಳನ್ನು ಹತ್ತಿದವರು, ನಮ್ಮಲ್ಲಿಯೂ ಕಾಡು ಮುಗಿದು ಹುಲ್ಲು ಬರುತ್ತದಲ್ಲ ಎಂದು ಕೇಳಬಹುದು. ನಮ್ಮ ಶೋಲಾ ಕಾಡಿನ ಮೇಲಿನ ಹುಲ್ಲಿಗೆ ಗಾಳಿ, ತೆಳುಮಣ್ಣು, ಬೆಂಕಿ ಮೊದಲಾದ ಬೇರೆ ಕಾರಣಗಳುಂಟು. ಅಲ್ಲಿ ಕೊರಕಲಿನಲ್ಲಿ ನೆಟ್ಟ ಮರ ಬದುಕೀತು. ಇಲ್ಲಿ ಬದುಕದು.

ಗೋಮುಖದ ಕಡೆಯ ದಾರಿ ಬಂಡೆಗಳ ರಾಶಿ. ಹಿಮನದಿ ಹಿಂದೆ ಸರಿಯುತ್ತ ಬಿಟ್ಟುಹೋದ ಕಲ್ಲುಗಳವು. ಕೊನೆಗೆ ಎದುರಿಗೆ ಕೊಳೆಯ ಬಣ್ಣದ ಎತ್ತರವಾದ ಗೋಡೆ. ಕೆಳಗಿನ ಗವಿಯಿಂದ ಬೂದಿನೀರು ನುಗ್ಗಿ ಬರುತ್ತದೆ. ಹಿಮವೆಂದರೆ ಬೆಳ್ಳಗಿರಬೇಕೆಂದು ಎಣಿಸಿ ಬಂದವರಿಗೆ ನಿರಾಶೆ. ಇದರ ಹಿಂದೆ ಸುಮಾರು ೩೦ ಕಿಲೋಮೀಟರ್ ಉದ್ದದ ಹಿಮನದಿ ಚೌಖಂಬಾ ಶಿಖರದ ಬುಡದ ತನಕ ಮಲಗಿದೆ. ೧೮೧೭ರಲ್ಲಿ ಹಾಡ್ಜ್‌ಸನ್ ಎಂಬ ಸರ್ವೇ ಅಧಿಕಾರಿ ಇಲ್ಲಿಗೆ ಬಂದು ಬರೆದಿಟ್ಟ. ೧೯೩೫ರಿಂದ ಭೂವಿಜ್ಞಾನಿಗಳು ಅಳತೆ ಮಾಡುತ್ತ ಬಂದಿದ್ದಾರೆ. ೧೯೩೫ರಿಂದ ಆ ಶತಮಾನ ಮುಗಿಯುವಷ್ಟರಲ್ಲಿ ಗೋಮುಖ ಒಂದು ಕಿಲೋಮೀಟರಿಗೂ ಮಿಗಿಲಾಗಿ ಹಿಂದಕ್ಕೆ ಹೋಯಿತು. ಹಸುವಿನ ಮುಖವನ್ನು ಈಗ ಯಾರು ಎಲ್ಲಿ ನಿಂತು ನೋಡಿದರೂ ಕಾಣಲಾರರು. ಗೋಡೆಯ ಹತ್ತಿರ ಹೋಗಬೇಡಿ. ಮನೆಯಷ್ಟು ದೊಡ್ಡ ಹಿಮದ ತುಂಡುಗಳು ಕಳಚಿಬೀಳುತ್ತವೆ.

ತಪೋವನಕ್ಕೆ ಹೋಗಬೇಕಾದರೆ ಈ ಹಿಮನದಿಯನ್ನೇ ಅಡ್ಡ ದಾಟಬೇಕು. ಮೇಲೆ ಕಲ್ಲು ಹೊದ್ದ ಹಿಮ, ನಡುನಡುವೆ ಬಾಯಿಬಿಟ್ಟ ಬಿರುಕು. ದಾರಿಗನಿಲ್ಲದೆ ಹೋಗಕೂಡದು. ಆಮೇಲೆ ಸಡಿಲ ಮಣ್ಣಿನ ಕಡಿದಾದ ಏರು, ಕೈಕಾಲು ನಾಲ್ಕನ್ನೂ ಬಳಸಬೇಕು. ಮೇಲೆ ತಲಪಿದರೆ ಸುಮಾರು ೪,೪೫೦ ಮೀಟರಿನಲ್ಲಿ ಮಟ್ಟಸವಾದ ಹುಲ್ಲುಗಾವಲು. ನೇರ ಮುಂದೆ ೬,೫೪೩ ಮೀಟರಿನ ಶಿವಲಿಂಗ ಶಿಖರ. ಅಕ್ಟೋಬರಿನಲ್ಲಿ ಹುಲ್ಲೆಲ್ಲ ಒಣಗಿ ಕಂದುಬಣ್ಣಕ್ಕೆ ಬಂದಿತ್ತು. ನೆಲಕ್ಕೆ ಮೊಳೆ ಹೊಡೆದಂತೆ ದಿಂಬಿನಾಕಾರದ ಗಿಡಗಳು. ಅಂಗೈಯನ್ನು ಮೇಲಿಟ್ಟರೆ ಬಿಸಿಲಿನ ಕಾವು ನಿಜವಾಗಿಯೂ ತಿಳಿಯುತ್ತದೆ. ಭರಲ್‌ಗಳ ಹಿಂಡೊಂದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಯುತ್ತಿತ್ತು.

ಬ್ರಹ್ಮಕಮಲ ಸಿಕ್ಕಿತೆ ಎಂದು ಹಿಂದಿರುಗಿದ ಮೇಲೆ ಎಲ್ಲರೂ ಕೇಳಿದರು. ಅದು ಶ್ರಾವಣ ಭಾದ್ರಪದಗಳ ಹೂ, ಸಿಕ್ಕಲಿಲ್ಲ. ನಿಮ್ಮ ಮನೆಯ ಕುಂಡದಲ್ಲಿ ನಡುರಾತ್ರಿ ಅರಳಿ, ನೆರೆಹೊರೆಯವರನ್ನೆಲ್ಲ ಕರೆದು ಆರತಿ ಎತ್ತಿಸಿಕೊಳ್ಳುವ ಬ್ರಹ್ಮಕಮಲವಿದೆಯಲ್ಲ, ಅದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ್ದು ಸೂರ್ಯಕಾಂತಿಯ ಬಳಗ. ಕಾಗದದಂಥ ತಿಳಿಹಳದಿ ಪೊರೆಗಳು ಊದಾ ಹೂಗಳನ್ನು ಸುತ್ತಿ, ಒಳಗೆ ಬೆಚ್ಚಗಿಟ್ಟು ಕಾಯುತ್ತವೆ. ಮನೆಯ ಹೂವಿನ ಮಹಿಮೆಯನ್ನು ಕಡಮೆ ಮಾಡುವುದು ನನ್ನ ಉದ್ದೇಶವಲ್ಲ; ಆದರೆ ಎರಡೂ ಒಂದೇ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡಲಾರೆ.

ಇಳಿಯುವಾಗ ಭೋಜ್‌ಬಾಸಾದಲ್ಲಿ ಮತ್ತೊಂದು ರಾತ್ರಿ ಉಳಿದೆವು. ದಾರಿಗ ತನ್ನ ಸೀಮೆಎಣ್ಣೆ ಒಲೆಯನ್ನು ಹೊತ್ತಿಸಿದ. ಈಗ ಅಲ್ಲಿ ಸೌದೆ ಉರಿಸುವಂತಿಲ್ಲ. ಎಣ್ಣೆಯನ್ನೋ ಗ್ಯಾಸನ್ನೋ ಕೆಳಗಿನಿಂದ ಹೊತ್ತೇ ತರಬೇಕು. ಅಕ್ಕಿ ಬೇಯಲು ಎಷ್ಟು ಹೊತ್ತು ಹಿಡಿಯಿತೆಂದರೆ, ಮೇಷ್ಟರು ಬೇಲಿಯ ತನಕ ನಡೆದುಹೋಗಿ ಒಳಗಿನ ಭೂರ್ಜಗಳನ್ನು ಒಂದು ಸಾಲು ಎಣಿಸಿ ಹಿಂದಿರುಗಿದರು. ಕೆಲವು ಸೊಂಟದೆತ್ತರ, ಕೆಲವು ಆಳೆತ್ತರ. ಎಲ್ಲವೂ ಬುಡದಲ್ಲಿ ಇಳಿಜಾರಿನ ಕಡೆಗೆ ಬಾಗಿದ್ದುವು. ತೊಗಟೆ ಇನ್ನೂ ಬೆಳ್ಳಗಾಗಿರಲಿಲ್ಲ, ಎಳೆಯದರದು ಕಂದುಬಣ್ಣ. ಎಲೆಗಳು ಮಾತ್ರ ನದಿಯಾಚೆಯ ಹಿರಿಯ ಮರಗಳ ಎಲೆಗಳಂತೆಯೇ ಹಳದಿಯಾಗಿದ್ದುವು. ನಾವು ಊಟ ಮುಗಿಸುವಷ್ಟರಲ್ಲಿ ಗಾಳಿ ಎದ್ದು, ಅವುಗಳಲ್ಲಿ ಕೆಲವು ಹಾರಿಬಂದು ಒಲೆಯ ಸುತ್ತ ಬಿದ್ದುವು.